ದೇವತೆಗಳ ಪಾಲು ಹೋಗಲಿ, ನಮ್ಮ ಮಾವನ ಪಾಲಿಗೆ ಬಂದದ್ದೇನು?

ಮಂಡ್ಯದಿಂದ ಬೆಂಗಳೂರಿಗೆ ದಿನಾ ಬಸ್ಸಿನಲ್ಲಿ ಓಡಾಡುವ ಮಹನೀಯರೆ, ಬಿಡದಿ ದಾಟಿತು, ಕುಂಬಳಗೋಡು ಬಂತು ಅನ್ನುವ ಹೊತ್ತಿಗೆ ತಾವು ಏನು ಮಾಡುತ್ತಿರುತ್ತೀರಿ? ಅರ್ಧ ಜನ ಗೊರಕೆ ಹೊಡೆಯುತ್ತಿರುತ್ತೀರಿ, ಇನ್ನರ್ಧ ಜನ ಕೆಂಗೇರಿಯ ಜಾಮಿಗೆ ಈಗಿನಿಂದಲೇ ಶಾಪ ಹಾಕುತ್ತಿರುತ್ತೀರಿ. ಅದೇ ಕುಂಬಳಗೋಡಿನ ಆಸುಪಾಸಿನಲ್ಲಿ ಕಂಬೀಪುರ ಅಂತ ಒಂದು ಊರಿದೆ. ಅಲ್ಲಿಯ ಗೋದಾಮಿನಲ್ಲಿ ಓಕ್ ಮರದ ಪೀಪಾಯಿಗಳು ಸಾಲಾಗಿ ಮಲಗಿವೆ. ತಾವು ಬಸ್ಸಿನಲ್ಲಿ ನಿದ್ದೆ ಮಾಡುವಾಗ ಆ ಪೀಪಾಯಿಯೊಳಗಿನ ಮಾಲೂ ನಿದ್ದೆ ಮಾಡುತ್ತಾ, ಸ್ವಲ್ಪ ಸ್ವಲ್ಪವೇ ಆವಿಯಾಗಿ ಆಕಾಶಕ್ಕೆ ಹೋಗುತ್ತಿದೆ.

ಅದು ಅಮೃತ್ ಡಿಸ್ಟಿಲರಿ. ಮಾಲು ಸಿಂಗಲ್ ಮಾಲ್ಟ್ ವ್ಹಿಸ್ಕಿ.

ಕುಡಿಯೋರ ಕಾಲಂ ಶುರುವಾಯ್ತು ಅಂತ ಯಾರೂ ಮುಖ ತಿರುಗಿಸಬೇಡಿ. ಕುಡಿಯೋರು ಚಪ್ಪಾಳೆ ಹೊಡೆಯುವುದೂ ಬೇಡ. ನಾನು ಇವತ್ತು ಬರೆಯುತ್ತಿರುವುದು ಒಂದು ಚೀಟಿಯ ವಿಷಯ. ಬಾಟ್ಲಿಯ ಹೊಟ್ಟೆಗೆ ಅಂಟಿಸುತ್ತಾರಲ್ಲ, ಆ ಚೀಟಿ.

ಮಾವನಿಗೆ ಪ್ರಮೋಷನ್

ನನ್ನ ಸೋದರಮಾವ ಬೆಲ್ಲದ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವರು. ಸಂಜೆಯಾದರೆ ಒಂದು ಸಾರಾಯಿ ಪ್ಯಾಕೆಟ್. ಹಲ್ಲಲ್ಲಿ ಮೂಲೆ ಕಚ್ಚಿ ಹರಿದು, ಬಾಯಿಗೆ ಹಿಂಡಿಕೊಂಡು, ಒಂದು ಚಿಟಿಕೆ ಉಪ್ಪು ನೆಕ್ಕಿ ಮನೆಗೆ ಬರುತ್ತಿದ್ದರು. 2007ನೇ ಇಸವಿ ಜುಲೈ 1ರಿಂದ ಸರ್ಕಾರ ರಾಜ್ಯದಲ್ಲಿ ಸಾರಾಯಿ ಬಂದ್ ಮಾಡಿತು. ಅತ್ತೆ ಊರ ದೇವರಿಗೆ ಹಣ್ಣುಕಾಯಿ ಮಾಡಿಸಿದರು.

ಆ ಸಂತೋಷ ಹದಿನೈದು ದಿನ ಬಾಳಲಿಲ್ಲ. ಮಾವ ವ್ಹಿಸ್ಕಿಗೆ ಬಂದರು. ಕ್ವಾರ್ಟರ್ ಬಾಟ್ಲಿಯನ್ನು ಬಲ್ಬಿನ ಬೆಳಕಿಗೆ ಹಿಡಿದು ನನಗೆ ತೋರಿಸೋರು. 'ನೋಡ್ಲಾ, ಬಣ್ಣ ನೋಡು. ಇದು ಸಾರಾಯಿ ಅಲ್ಲ ಕಣ್ಲಾ, ಸಾಹೇಬರು ಕುಡಿಯೋದು. ಮರದ ಪೀಪಾಯಲ್ಲಿ ವರ್ಷಗಟ್ಟಲೆ ಇಟ್ಟಿರ್ತಾರೆ' ಅನ್ನೋರು. ಮಂಡಿಯ ಹಮಾಲರೆಲ್ಲಾ ಅದನ್ನೇ ನಂಬಿದ್ದರು. ಒಂದೇ ರಾತ್ರಿಯಲ್ಲಿ ಇಡೀ ಮಂಡಿಗೆ ಪ್ರಮೋಷನ್ ಸಿಕ್ಕಿತ್ತು. ಸಂಬಳ ಮಾತ್ರ ಹಳೆಯದೇ. ಪ್ಯಾಕೆಟ್ಟಿಗಿಂತ ಕ್ವಾರ್ಟರಿನ ರೇಟು ಜಾಸ್ತಿ ಆದ್ದರಿಂದ ಅತ್ತೆಯ ಕೈಗೆ ಬರುವುದು ಕಡಿಮೆಯಾಯಿತು ಅಷ್ಟೇ.

ಆ ಕ್ವಾರ್ಟರಿನಲ್ಲಿ ಏನಿತ್ತು? ನಾನು ಪಿಯುಸಿಯ ಕೆಮಿಸ್ಟ್ರಿಯನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದವನು. ಆದರೂ ವರದಿಗಾರನಾದ ಮೇಲೆ ಕೇಳಿ, ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಮಂಡ್ಯದವರಿಗೆ ಕಾಕಂಬಿ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಕಬ್ಬಿನ ಹಾಲು ಕುದಿಸಿ ಸಕ್ಕರೆ ಹರಳು ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ಅದಕ್ಕೆ ನೀರು, ಈಸ್ಟ್ ಹಾಕಿ ಹುಳಿ ಬರಿಸುತ್ತಾರೆ. ಎತ್ತರದ ಕೊಳವೆ ಗೋಪುರಗಳಲ್ಲಿ ಭಟ್ಟಿ ಇಳಿಸುತ್ತಾರೆ. ಕೊನೆಗೆ ಸಿಗುವುದು ನೂರಕ್ಕೆ 96ರಷ್ಟು ಸಾಮರ್ಥ್ಯದ ಸ್ಪಿರಿಟ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಈಗೀಗ ಕಾಕಂಬಿಯ ಬದಲು ಅಕ್ಕಿ ನುಚ್ಚು, ಜೋಳದಿಂದಲೂ ಇದನ್ನೇ ತೆಗೆಯುತ್ತಾರೆ. ಇದಕ್ಕೆ ನೀರು ಸೇರಿಸಿ, ಸುಟ್ಟ ಸಕ್ಕರೆಯ ಬಣ್ಣ ಸೇರಿಸಿ, ಪರಿಮಳ ಸೇರಿಸಿ, ಕೆಲವರು ಒಂದಿಷ್ಟು ಮಾಲ್ಟ್ ಸ್ಪಿರಿಟ್ ಒಗ್ಗರಣೆ ಕೊಟ್ಟು ಬಾಟ್ಲಿಗೆ ತುಂಬುತ್ತಾರೆ. ಹೀಗೆ ತಯಾರಾಗುವ ಅಗ್ಗದ 'ವ್ಹಿಸ್ಕಿ'ಗೆ ಬಹುತೇಕ ಮರವೂ ಗೊತ್ತಿಲ್ಲ, ವರ್ಷವೂ ಗೊತ್ತಿಲ್ಲ.

ಬಂದ್ ಆದ ಸಾರಾಯಿಯೂ ಇದೇ ಕಾಕಂಬಿ ಸ್ಪಿರಿಟ್ಟಿನದೇ. ಸ್ವಾಮಿ, ಆವತ್ತು ನಡೆದದ್ದು ಇಷ್ಟೇ. ಸಾರಾಯಿಗೆ ಕಂದು ಬಣ್ಣದ ಅಂಗಿ ತೊಡಿಸಿ ಇಂಗ್ಲಿಷ್ ಹೆಸರಿಟ್ಟರು. ನಮ್ಮ ಮಾವ ಸಲಾಮು ಹೊಡೆದರು.

ರಾಗಿ ಮಾಲ್ಟ್ ಗೊತ್ತಲ್ಲ?

ಈಗ ಕಂಬೀಪುರಕ್ಕೆ ಬನ್ನಿ. ಅಲ್ಲಿ ಮಾಡುವ ಪದಾರ್ಥದ ಹೆಸರಲ್ಲಿ ಮೂರು ಮಾತುಗಳಿವೆ. ಸಿಂಗಲ್, ಮಾಲ್ಟ್, ಕಾಸ್ಕ್ ಸ್ಟ್ರೆಂತ್. ಬಾರಿನಲ್ಲಿ ಈ ಮಾತುಗಳನ್ನು ಮಂತ್ರದ ಹಾಗೆ ಹೇಳುವವರನ್ನು ನೋಡಿದ್ದೇನೆ. ಅರ್ಥ ಕೇಳಿದರೆ ಸಿಡುಕುತ್ತಾರೆ. ಅರ್ಥ ಬಹಳ ಸುಲಭ.

ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು. ಮನೆಯಲ್ಲಿ ಕೂಸಿಗೆ ರಾಗಿ ಮಾಲ್ಟ್ ಕುಡಿಸುತ್ತೇವಲ್ಲ, ಅದೇ ಮಾಲ್ಟ್. ಇಲ್ಲಿ ರಾಗಿಯ ಜಾಗದಲ್ಲಿ ಬಾರ್ಲಿ, ಅಂದರೆ ಜವೆಗೋಧಿ. ಮೊಳಕೆ ಬಂದಾಗ ಕಾಳಿನೊಳಗಿನ ಹಿಟ್ಟು ಸಕ್ಕರೆಯಾಗಲು ಸಿದ್ಧವಾಗುತ್ತದೆ. ಸಕ್ಕರೆ ಇದ್ದಲ್ಲಿ ಈಸ್ಟ್ ಕೆಲಸ ಮಾಡುತ್ತದೆ. ಆ ಬಾರ್ಲಿ ಪಂಜಾಬ್, ರಾಜಸ್ಥಾನ, ಹರಿಯಾಣದ ಹೊಲಗಳಿಂದ ಬರುತ್ತದೆ.

ಸಿಂಗಲ್ ಅಂದರೆ ಒಂದೇ ಡಿಸ್ಟಿಲರಿಯ ಮಾಲು. ಹತ್ತು ಕಡೆಯದು ತಂದು ಕಲಸಿದ್ದಲ್ಲ. ತಾಮ್ರದ ದೊಡ್ಡ ಹಂಡೆಗಳಲ್ಲಿ ಎರಡು ಸಲ ಭಟ್ಟಿ ಇಳಿಸಿ, ಓಕ್ ಪೀಪಾಯಿಗೆ ತುಂಬುತ್ತಾರೆ. ಪೀಪಾಯಿಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿ ಒಮ್ಮೆ ಬೂರ್ಬನ್ ವ್ಹಿಸ್ಕಿ ಇಟ್ಟಿದ್ದವು. ಅಲ್ಲಿನ ಕಾಯಿದೆ ಪ್ರಕಾರ ಬೂರ್ಬನ್ನಿಗೆ ಪ್ರತಿ ಸಲ ಹೊಸ ಪೀಪಾಯಿಯೇ ಬೇಕು. ಹಳೆಯದನ್ನು ಮಾರಿಬಿಡುತ್ತಾರೆ.

ಕಾಸ್ಕ್ ಸ್ಟ್ರೆಂತ್ ಅಂದರೆ ಪೀಪಾಯಿಯಲ್ಲಿ ಎಷ್ಟು ಗಟ್ಟಿ ಇತ್ತೋ ಅಷ್ಟೇ ಗಟ್ಟಿಯಾಗಿ ಬಾಟ್ಲಿಗೆ ಇಳಿಸಿದ್ದು. ನೀರು ಬೆರೆಸಿಲ್ಲ. ಹಾಲಿನವರನ್ನು ಬಲ್ಲ ನಮಗೆ ಈ ಮಾತಿನ ಬೆಲೆ ಬೇಗ ಅರ್ಥವಾಗುತ್ತದೆ. ಅಮೃತ್ ಕಾಸ್ಕ್ ಸ್ಟ್ರೆಂತ್ ಅಂತ ಹೆಸರಾದದ್ದು ನೂರಕ್ಕೆ 61.8ರ ಬಾಟ್ಲಿ. ನಮ್ಮ ಮಾಮೂಲಿ ಕ್ವಾರ್ಟರು 42.8. ಈ 42.8 ಎಂಬ ವಿಚಿತ್ರ ಅಂಕಿ ಬ್ರಿಟಿಷರ ಅಬಕಾರಿ ಲೆಕ್ಕದಿಂದ ಬಂದದ್ದು. 57.1 ಇದ್ದರೆ ಅವರ ಲೆಕ್ಕದಲ್ಲಿ ಅದು 'ಪ್ರೂಫ್'. ಅದರ ಮುಕ್ಕಾಲು ಭಾಗ 42.8. ಸಾಹೇಬರು ಹೋಗಿ ಎಪ್ಪತ್ತೈದು ವರ್ಷದ ಮೇಲಾಯಿತು, ಅಳತೆ ಮಾತ್ರ ನಮ್ಮ ಗ್ಲಾಸಿನಲ್ಲೇ ಉಳಿದಿದೆ.

ಇಲ್ಲೊಂದು ಎಚ್ಚರಿಕೆ. ಕೌಂಟರಿನ ಮುಂದೆ ನಿಂತು ಕ್ವಾರ್ಟರನ್ನು ಹಾಗೇ ಗಂಟಲಿಗೆ ಸುರಿದುಕೊಳ್ಳುವ ಶೂರರು ನಮ್ಮಲ್ಲಿದ್ದಾರೆ. 180 ಮಿಲೀ ಮಾಮೂಲಿ ಮಾಲಿನಲ್ಲಿ ಶುದ್ಧ ಆಲ್ಕೋಹಾಲ್ 77 ಮಿಲೀ. ಅಷ್ಟೇ ಅಳತೆಯ ಕಾಸ್ಕ್ ಸ್ಟ್ರೆಂತ್‌ನಲ್ಲಿ 111 ಮಿಲೀ. ಗಟ್ಟಿ ಅಂದರೆ ಒಳ್ಳೆಯದು ಅಂತ ತಿಳಿಯಬೇಡಿ. ಅದಕ್ಕೆ ನೀರು ಬೆರೆಸಿಯೇ ಕುಡಿಯುತ್ತಾರೆ. ಎಷ್ಟು ಬೆರೆಸಬೇಕು ಅನ್ನುವುದನ್ನು ಕಂಪನಿ ತೀರ್ಮಾನಿಸದೆ ಗಿರಾಕಿಗೆ ಬಿಟ್ಟಿದೆ, ವ್ಯತ್ಯಾಸ ಅಷ್ಟೇ.

ಒಣಗಿದ ತೂಕ ಯಾರ ಲೆಕ್ಕಕ್ಕೆ?

ವ್ಯಾಪಾರಸ್ಥರಿಗೆ ಒಂದು ಲೆಕ್ಕ ಕೊಡುತ್ತೇನೆ. ತಿಪಟೂರಿನ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯುತ್ತಾರೆ. ನೀರೆಲ್ಲಾ ಒಣಗಿ ಕೊಬ್ಬರಿ ಕುಲುಕುತ್ತದೆ. ತೂಕ ಇಳಿಯುತ್ತದೆ, ರೇಟು ಏರುತ್ತದೆ. ವ್ಹಿಸ್ಕಿಯೂ ಹಾಗೇ. ಮರದ ಸಂದಿನಿಂದ ಆವಿಯಾಗಿ ಹೋಗುವುದನ್ನು ಸ್ಕಾಟ್ಲೆಂಡಿನವರು 'ದೇವತೆಗಳ ಪಾಲು' ಅನ್ನುತ್ತಾರೆ. ಅಲ್ಲಿ ಚಳಿ. ದೇವತೆಗಳೂ ಹಿತಮಿತ. ವರ್ಷಕ್ಕೆ ನೂರಕ್ಕೆ ಸುಮಾರು 2 ಹೋಗುತ್ತದೆ. ಬೆಂಗಳೂರಿನ ಬಿಸಿಲಿಗೆ, ಮೂರು ಸಾವಿರ ಅಡಿ ಎತ್ತರದ ಒಣ ಗಾಳಿಗೆ, ವರ್ಷಕ್ಕೆ 10ರಿಂದ 12 ಹೋಗುತ್ತದೆ.

ಇನ್ನೂರು ಲೀಟರಿನ ಪೀಪಾಯಿ ಇಟ್ಟುಕೊಳ್ಳಿ. ಎಂಟು ವರ್ಷದ ಮೇಲೆ ಸ್ಕಾಟ್ಲೆಂಡಿನಲ್ಲಿ 170 ಲೀಟರ್ ಉಳಿಯುತ್ತದೆ. ನೂರಕ್ಕೆ 12ರ ಲೆಕ್ಕದಲ್ಲಿ ನಮ್ಮಲ್ಲಿ ಉಳಿಯುವುದು 72. ಬಂಡವಾಳ ಹಾಕಿದವನ ಎದೆ ಒಡೆಯುವ ಲೆಕ್ಕ ಇದು. ಆದರೆ ಅದೇ ಬಿಸಿಲು ಮರದ ಸತ್ವವನ್ನು ಬೇಗ ಹೀರಿಸುತ್ತದೆ. ಇಲ್ಲಿನ ಒಂದು ವರ್ಷ ಅಲ್ಲಿನ ಮೂರು ವರ್ಷಕ್ಕೆ ಸಮ ಅಂತ ಕಂಪನಿಯವರ ಮಾತು. ಅದಕ್ಕೇ ಅಮೃತ್‌ನ ಮಾಮೂಲಿ ಸಿಂಗಲ್ ಮಾಲ್ಟನ್ನು ನಾಲ್ಕೈದು ವರ್ಷಕ್ಕೇ ಇಳಿಸುತ್ತಾರೆ. ಬಾಟ್ಲಿಯ ಮೇಲೆ ಹದಿನೆಂಟು ಅಂತ ಬರೆದಿದ್ದರೆ ಮಾತ್ರ ಮರ್ಯಾದೆ ಕೊಡುವವರು ಇದನ್ನು ನೆನಪಿಡಬೇಕು. ಊರೂರಿಗೆ ವಯಸ್ಸಿನ ಲೆಕ್ಕ ಬೇರೆ.

ಆದರೂ ಹಠಕ್ಕೆ ಬಿದ್ದು ಎಂಟು ವರ್ಷ ಇಟ್ಟು ನೋಡಿದರು. 2013ರಲ್ಲಿ ಹೊರಬಂತು. ಹಾಕಿದ್ದರಲ್ಲಿ ಮುಕ್ಕಾಲು ಪಾಲು ಮಾಯ. ಉಳಿದದ್ದಕ್ಕೆ ನೀರು ಬೆರೆಸಿ 50ಕ್ಕೆ ಇಳಿಸಿದ ಮೇಲೆ ಸಿಕ್ಕಿದ್ದು 144 ಬಾಟ್ಲಿ. ಅದಕ್ಕೆ ಇಟ್ಟ ಹೆಸರು 'ಗ್ರೀಡಿ ಏಂಜಲ್ಸ್', ಆಸೆಬುರುಕ ದೇವತೆಗಳು. ಆಮೇಲೆ ಹತ್ತು ವರ್ಷದ್ದು, ಹನ್ನೆರಡು ವರ್ಷದ್ದೂ ಬಂದವು. ನಷ್ಟವಾದದ್ದನ್ನು ಮುಚ್ಚಿಡದೆ ಅದನ್ನೇ ಹೆಸರಾಗಿ ಹಣೆಗೆ ಬರೆದುಕೊಂಡ ವ್ಯಾಪಾರ ನಾನು ಬೇರೆ ನೋಡಿಲ್ಲ.

ಗ್ಲಾಸ್ಗೋಗೆ ಹೋಗಿ ಬಂದದ್ದು

ಈ ಕಂಪನಿ ಆಕಾಶದಿಂದ ಇಳಿದದ್ದೇನೂ ಅಲ್ಲ. 1948ರಲ್ಲಿ ರಾಧಾಕೃಷ್ಣ ಜಗದಾಳೆ ಬೆಂಗಳೂರಿನಲ್ಲಿ ಶುರು ಮಾಡಿದ್ದು. ಇವರೂ ಎಲ್ಲರ ಹಾಗೆ ಸ್ಪಿರಿಟ್ಟಿನ ಬ್ರಾಂದಿ, ರಮ್ಮು ಮಾಡಿಕೊಂಡೇ ಬಂದವರು. ಈಗಲೂ ಮಾಡುತ್ತಾರೆ. ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ, 1980ರ ದಶಕದಲ್ಲಿ, ಬಾರ್ಲಿ ಮಾಲ್ಟಿಗೆ ಕೈ ಹಾಕಿದರು. ಆಗ ಅದು ಬೇರೆ ವ್ಹಿಸ್ಕಿಗೆ ಬೆರೆಸುವುದಕ್ಕಾಗಿ. ಬೆರಕೆಯಿಲ್ಲದೆ ಅದನ್ನೇ ಮಾರಿದರೆ ಹೇಗೆ ಅನ್ನುವ ಯೋಚನೆ ಬಂದದ್ದು ಇಂಗ್ಲೆಂಡಿನಲ್ಲಿ ಓದುತ್ತಿದ್ದ ಮೊಮ್ಮಗನ ಕಾಲಕ್ಕೆ. 2004ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿದರು. ಕೊಬ್ಬರಿಯನ್ನು ತಿಪಟೂರಿಗೇ ಹೊತ್ತುಕೊಂಡು ಹೋಗಿ ಮಾರಿದ ಹಾಗೆ.

ಮೊದಲಿಗೆ ಜನ ನಕ್ಕರು. 'ಇಂಡಿಯನ್ ವ್ಹಿಸ್ಕಿ' ಅಂದರೆ ಅಲ್ಲಿ ಒಂದು ಜೋಕು. ಯಾಕೆ ಜೋಕು? ಯುರೋಪಿನ ಕಾಯಿದೆಯಲ್ಲಿ ವ್ಹಿಸ್ಕಿ ಅನ್ನಬೇಕಾದರೆ ಅದು ಕಾಳಿನಿಂದಲೇ ಆಗಬೇಕು. ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಇರಬೇಕು. ಕಾಕಂಬಿಯ ಮಾಲಿಗೆ ಅಲ್ಲಿ ವ್ಹಿಸ್ಕಿ ಅಂತ ಹೆಸರಿಡುವ ಹಾಗೇ ಇಲ್ಲ. ನಮ್ಮ ಮಾವ ಬಲ್ಬಿಗೆ ಹಿಡಿದು ಮೆರೆಸುತ್ತಿದ್ದ ಆ ಕ್ವಾರ್ಟರು ಅಲ್ಲಿನ ಅಂಗಡಿಯಲ್ಲಿ ಆ ಹೆಸರಿನಲ್ಲಿ ಕೂರುವ ಹಾಗಿಲ್ಲ.

ನಗೆ ಹೆಚ್ಚು ದಿನ ಉಳಿಯಲಿಲ್ಲ. ಇಲ್ಲಿನ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಹೊಗೆ ಹಿಡಿಸಿದ ಬಾರ್ಲಿ ಸೇರಿಸಿ 'ಫ್ಯೂಷನ್' ಅಂತ ಮಾಡಿದರು. ಜಿಮ್ ಮರ್ರೇ ಅನ್ನುವ ಇಂಗ್ಲೆಂಡಿನ ವಿಮರ್ಶಕ ತನ್ನ 2010ರ 'ವ್ಹಿಸ್ಕಿ ಬೈಬಲ್'ನಲ್ಲಿ ಅದಕ್ಕೆ ನೂರಕ್ಕೆ 97 ಅಂಕ ಕೊಟ್ಟು ಪ್ರಪಂಚದಲ್ಲೇ ಮೂರನೆಯದು ಅಂದ. ನಮ್ಮ ಬೆಂಗಳೂರಿನ ಅಂಗಡಿಗೆ ಅಮೃತ್ ಸಿಂಗಲ್ ಮಾಲ್ಟ್ ಬಂದದ್ದು 2010ರಲ್ಲಿ, ಗ್ಲಾಸ್ಗೋದವರು ಕುಡಿದು ಆರು ವರ್ಷವಾದ ಮೇಲೆ. ಹಿತ್ತಿಲ ಗಿಡ ಮದ್ದಲ್ಲ ಅನ್ನುವುದು ಹೆಂಡದ ವಿಷಯದಲ್ಲೂ ನಿಜ. ನೀಲಕಂಠ ಜಗದಾಳೆಯವರು 2019ರಲ್ಲಿ ತೀರಿಕೊಂಡರು.

ನಮ್ಮ ಮಾವನೂ ಅದೇ ವರ್ಷ ತೀರಿಕೊಂಡರು. ಲಿವರ್. ವಯಸ್ಸು ಐವತ್ತೆಂಟು.

ಡಾಲ್ಡಾ ತುಪ್ಪವಲ್ಲ ಅಂದ ಮೇಲೆ

ಈಗ ಅಸಲು ಮಾತಿಗೆ ಬರುತ್ತೇನೆ. ಮೊದಲೇ ಒಂದು ಒಪ್ಪಿಕೊಳ್ಳುತ್ತೇನೆ. ಮಾವ ಬಾರ್ಲಿಯ ವ್ಹಿಸ್ಕಿ ಕುಡಿದಿದ್ದರೆ ಬದುಕುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಲಿವರಿಗೆ ಕಾಕಂಬಿ, ಬಾರ್ಲಿ ಎರಡೂ ಒಂದೇ. ಅದು ಆಲ್ಕೋಹಾಲ್ ಎಷ್ಟು ಅಂತ ಕೇಳುತ್ತದೆಯೇ ಹೊರತು ಊರು ಯಾವುದು, ಪೀಪಾಯಿ ಯಾವುದು ಅಂತ ಕೇಳುವುದಿಲ್ಲ. ಐದು ಸಾವಿರದ ಬಾಟ್ಲಿಯೂ ಮನೆ ಮುಳುಗಿಸಬಲ್ಲದು.

ನನ್ನ ಸಿಟ್ಟು ಬೇರೆ ಕಾರಣಕ್ಕೆ. ಮಾವ ಹನ್ನೆರಡು ವರ್ಷ ದುಡ್ಡು ಕೊಟ್ಟು, ತಾನು ಏನು ಕುಡಿಯುತ್ತಿದ್ದೇನೆ ಅಂತಲೇ ತಿಳಿಯದೆ ಹೋದರು.

ಪೇಟೆ ಬೀದಿಯ ಅಂಗಡಿಯವರೆ, ತಾವೇ ಹೇಳಿ. ವನಸ್ಪತಿಯ ಡಬ್ಬಕ್ಕೆ 'ತುಪ್ಪ' ಅಂತ ಚೀಟಿ ಹಚ್ಚಿ ಮಾರಿದರೆ ಬಿಡುತ್ತಾರೆಯೇ? ಸ್ಯಾಂಪಲ್ ತೆಗೆಯುತ್ತಾರೆ, ಕೇಸು ಹಾಕುತ್ತಾರೆ, ದಂಡ ಕಟ್ಟಿಸುತ್ತಾರೆ. ಸರಿಯಾದದ್ದೇ. ವನಸ್ಪತಿ ಮಾರುವುದು ತಪ್ಪಲ್ಲ, ತುಪ್ಪ ಅಂತ ಮಾರುವುದು ತಪ್ಪು. ಈ ನ್ಯಾಯ ಬಾಟ್ಲಿಗೆ ಯಾಕಿಲ್ಲ? ಕಾಕಂಬಿ ಸ್ಪಿರಿಟ್ಟಿಗೆ ಬಣ್ಣ ಹಾಕಿ ವ್ಹಿಸ್ಕಿ ಅಂತ ಮಾರುವುದಕ್ಕೆ ನಮ್ಮ ದೇಶದ ಕಾಯಿದೆಯೇ ಒಪ್ಪಿಗೆ ಕೊಟ್ಟಿದೆ. ಕಂಪನಿಯವರು ಕಾಯಿದೆ ಮುರಿದಿಲ್ಲ. ಮುರಿಯುವ ಅವಶ್ಯಕತೆಯೇ ಇಲ್ಲದ ಹಾಗೆ ಕಾಯಿದೆ ಇದೆ.

ನಾನು ನೋಡಿದ ಕ್ವಾರ್ಟರುಗಳಲ್ಲಿ ಹಿಂಭಾಗದ ಮೂಲೆಯಲ್ಲಿ, ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಬಣ್ಣದ ಬಗ್ಗೆ, ಸ್ಪಿರಿಟ್ಟಿನ ಬಗ್ಗೆ ಒಂದು ಸಾಲು ಇರುತ್ತದೆ. ಮುಂಭಾಗದಲ್ಲಿ ಹೊಳೆಯುವ ಅಕ್ಷರದಲ್ಲಿ 'ವ್ಹಿಸ್ಕಿ', ಪಕ್ಕದಲ್ಲಿ ಸಿಂಹವೋ ಕಿರೀಟವೋ ಕುದುರೆಯೋ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹಮಾಲನಿಗೆ ಆ ಕುದುರೆ ಕಾಣುತ್ತದೆ, ಸಾಸಿವೆ ಕಾಣುವುದಿಲ್ಲ. ಪಿಯುಸಿವರೆಗೆ ಹೋದ ನನಗೂ ಕನ್ನಡಕ ಬೇಕಾಯಿತು.

ಬೇಕಾಗಿರುವುದು ದೊಡ್ಡ ಕ್ರಾಂತಿಯಲ್ಲ. ಮುಂಭಾಗದಲ್ಲಿ, ಕನ್ನಡದಲ್ಲಿ, ಬಸ್ಸಿನ ಬೋರ್ಡಿನ ಹಾಗೆ ಕಣ್ಣಿಗೆ ಕಾಣುವಂತೆ ಮೂರು ಸಾಲು. ಯಾವುದರಿಂದ ಮಾಡಿದ್ದು: ಕಾಕಂಬಿಯೋ, ನುಚ್ಚೋ, ಬಾರ್ಲಿಯೋ. ಮರದಲ್ಲಿ ಎಷ್ಟು ದಿನ ಇತ್ತು: ಇರಲಿಲ್ಲವಾದರೆ ಇಲ್ಲ. ಬಣ್ಣ ಎಲ್ಲಿಯದು: ಮರದ್ದೋ, ಸುಟ್ಟ ಸಕ್ಕರೆಯದೋ. ಇಷ್ಟೇ.

ಬರೆದರೆ ಯಾರು ಓದ್ತಾರೆ, ಕುಡುಕನಿಗೆ ಬೇಕಾದ್ದು ಕಿಕ್ಕು ಅಂತ ಒಬ್ಬ ಸನ್ನದುದಾರರು ನನಗೆ ನಗುತ್ತಾ ಹೇಳಿದರು. ಇರಬಹುದು. ಹಾಗಾದರೆ ಬರೆಯುವುದಕ್ಕೆ ಅಡ್ಡಿಯೇನು? ಯಾರೂ ಓದದಿದ್ದರೆ ಯಾರಿಗೂ ನಷ್ಟವಿಲ್ಲವಲ್ಲ. ಓದುತ್ತಾರೆ ಅನ್ನುವ ಭಯ ಇರುವುದರಿಂದಲೇ ಅದು ಸಾಸಿವೆ ಅಕ್ಷರದಲ್ಲಿದೆ. ನಮ್ಮ ಮಾವನಿಗೆ ಬೇಕಾಗಿದ್ದದ್ದು ಬರೀ ಕಿಕ್ಕಲ್ಲ. ಅದಾಗಿದ್ದರೆ ಅವರು ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿರಲಿಲ್ಲ.

ಕುಡಿತವನ್ನೇ ನಿಲ್ಲಿಸಿ, ಚೀಟಿ ಯಾಕೆ ಅನ್ನುವವರೂ ಇದ್ದಾರೆ. ಅವರ ಮಾತಿಗೆ ನನ್ನ ನಮಸ್ಕಾರ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ಬಂದ್ ಆದ ಮರುವರ್ಷವೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರದ ಕಡೆ, ತಮಿಳುನಾಡಿನ ಗಡಿಯಲ್ಲಿ ಮತ್ತೆ ಅದೇ ಕಥೆ, ನೂರಕ್ಕೂ ಹೆಚ್ಚು ಹೆಣ. ಒಳಗೆ ಏನಿದೆ ಅಂತ ತಿಳಿಯದೆ ಕುಡಿದು ಸತ್ತವರು ಅವರೆಲ್ಲಾ. ನಿಲ್ಲಿಸುವ ಕಾಲ ಬರಲಿ. ಅಲ್ಲಿಯವರೆಗೆ ಒಳಗೇನಿದೆ ಅಂತ ಹೊರಗೆ ಬರೆದಿರಲಿ.

ಇನ್ನು ಸರ್ಕಾರ. ಅಬಕಾರಿ ದುಡ್ಡಿಲ್ಲದೆ ಬಜೆಟ್ ಓಡುವುದಿಲ್ಲ. 2024ರಲ್ಲಿ ಪಕ್ಕದ ರಾಜ್ಯಗಳ ರೇಟಿಗೆ ಸರಿಹೊಂದಿಸಬೇಕು ಅಂತ ದುಬಾರಿ ಮದ್ಯದ ಸುಂಕವನ್ನು ಇಳಿಸಿದರು. ದೊಡ್ಡ ಬಾಟ್ಲಿಯವರ ಕಷ್ಟ ವಿಧಾನಸೌಧಕ್ಕೆ ಅಷ್ಟು ಬೇಗ ಕೇಳಿಸಿತು. ಕ್ವಾರ್ಟರಿನವನ ಪರವಾಗಿ ನಾನು ಕೇಳುತ್ತಿರುವುದು ಸುಂಕದ ಇಳಿತವಲ್ಲ. ಮೂರು ಸಾಲು ಕನ್ನಡ. ಅದಕ್ಕೆ ಖಜಾನೆಯಿಂದ ಒಂದು ಕಾಸೂ ಖರ್ಚಿಲ್ಲ.

ಕಂಬೀಪುರದ ಪೀಪಾಯಿಯಿಂದ ಈ ಊರು ಕಲಿಯುವುದು ಇದ್ದರೆ ಇದು. ಅವರು ಹೊರಗಿನವರ ಕಾಯಿದೆಗೆ ತಕ್ಕಂತೆ ಕಾಳಿನಿಂದಲೇ ಮಾಡಿ, ಮರದಲ್ಲಿ ಇಟ್ಟು, ಆಮೇಲೆ ಚೀಟಿಯ ಮೇಲೆ ವ್ಹಿಸ್ಕಿ ಅಂತ ಬರೆದು ಮಾರಿದರು. ದೇವತೆಗಳು ಕದ್ದದ್ದನ್ನೂ ಬರೆದರು. ಜಗತ್ತು ಬಾಗಿ ನೋಡಿತು. ಗ್ಲಾಸ್ಗೋದ ಗಿರಾಕಿಗೆ ಕೊಟ್ಟ ಆ ಮರ್ಯಾದೆಯನ್ನು ಮಂಡ್ಯದ ಹಮಾಲನಿಗೆ ಕೊಡುವುದಕ್ಕೆ ಏನು ಅಡ್ಡಿ?

ಮೊನ್ನೆ ಅತ್ತೆಯ ಮನೆಗೆ ಹೋಗಿದ್ದೆ. ಗೂಡಿನಲ್ಲಿ ಮಾವನ ಕೊನೆಯ ಕ್ವಾರ್ಟರಿನ ಖಾಲಿ ಬಾಟ್ಲಿ ಇನ್ನೂ ಇದೆ. ಅತ್ತೆ ಅದಕ್ಕೆ ಸೀಮೆಎಣ್ಣೆ ಹಾಕಿಟ್ಟಿದ್ದಾರೆ. ಅದರ ಮೇಲೆ ಒಂದು ಬಿಳಿ ಕಾಗದ ಅಂಟಿಸಿ, ಮೊಮ್ಮಗಳ ಕೈಯಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ, 'ಸೀಮೆಎಣ್ಣೆ' ಅಂತ. ಯಾಕತ್ತೆ ಅಂದೆ.

'ಯಾರಾದ್ರೂ ತಿಳೀದೆ ಕುಡುದ್ಬುಟ್ಟಾರು ಕಣಪ್ಪ' ಅಂದರು.